ಸಿಗರೇಟು ಬಿಡಿಸುವ ಮಾತ್ರೆ ಮತ್ತು ನನ್ನ ಕತ್ತರಿ

ಸಿಗರೇಟು ಸೇದುವವರಷ್ಟು ಉದಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಟ್ಟ ಛತ್ರಿ ವಾಪಸ್ ಬರುವತನಕ ನಿದ್ದೆ ಮಾಡದ ಜನ, ಗುರುತಿಲ್ಲದವನು ಬಂದು "ಒಂದು ಇದೆಯಾ?" ಎಂದರೆ ಪ್ಯಾಕೆಟ್ಟನ್ನೇ ಚಾಚುತ್ತಾರೆ, ಬೆಂಕಿಯನ್ನೂ ತಾವೇ ಹಚ್ಚಿಕೊಡುತ್ತಾರೆ. ನಮ್ಮ ಯಜಮಾನರು ಈ ಪೈಕಿ ದೊಡ್ಡ ದಾನಿಗಳು. ಅವರು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ನಾನು ಪೇಟೆಯಲ್ಲಿ ಟೈಲರ್. ನಾನು ಹೊಲಿದ ಅಂಗಿಗೆ ಅವರು ಕಿಡಿ ಬೀಳಿಸಿ ತೂತು ಮಾಡುವುದು, ಆ ತೂತನ್ನು ನಾನು ಮತ್ತೆ ಮುಚ್ಚುವುದು, ಹೀಗೆ ಸಂಸಾರ ಸಾಗಿತ್ತು.

ಕಳೆದ ಪಿಕಿಂಗ್, ಅಂದರೆ ಕಾಫಿ ಹಣ್ಣು ಕೊಯ್ಯುವ ಸಮಯಕ್ಕೆ ಅವರ ಬೆಳಗಿನ ಕೆಮ್ಮು ವಿಪರೀತವಾಯಿತು. ಹಾಜರಿ ಕೂಗಲು ನಿಂತರೆ ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಕೆಮ್ಮು. ಕೊನೆಗೆ ಲೈನ್ ಮನೆಗಳ ಕೂಲಿ ಹೆಂಗಸರೇ ಕನಿಕರಪಟ್ಟು, ಇವರು ಕೂಗುವ ಮೊದಲೇ ತಮ್ಮ ತಮ್ಮ ಹೆಸರು ಹೇಳಿ ಕೆಲಸಕ್ಕೆ ಹೊರಡತೊಡಗಿದರು. ಇದರಿಂದ ಇವರಿಗೆ ಅವಮಾನವಾಯಿತು. ನಾನು ವರ್ಷಗಟ್ಟಲೆ ಹೇಳಿ ಆಗದ್ದು ಆ ಅವಮಾನದಿಂದ ಆಯಿತು. ಕುಶಾಲನಗರದ ಡಾಕ್ಟರಮ್ಮನ ಹತ್ತಿರ ಹೊರಟರು, ಜೊತೆಗೆ ನಾನೂ.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಊದಿಸಿ ನೋಡಿ, "ಶ್ವಾಸಕೋಶ ಸುಸ್ತಾಗಿದೆ. ಈಗ ಬಿಟ್ರೆ ಉಳಿದಿದ್ದನ್ನ ಉಳಿಸ್ಕೋಬಹುದು. ಹೃದಯಕ್ಕೂ ಒಳ್ಳೇದು," ಎಂದರು. ಆಮೇಲೆ ಪ್ರಶ್ನೆಗಳು ಶುರುವಾದವು. ಯಾವತ್ತಾದರೂ ಫಿಟ್ಸ್ ಬಂದಿತ್ತಾ? ತಲೆಗೆ ಪೆಟ್ಟು ಬಿದ್ದಿತ್ತಾ? ಕುಡಿಯುವುದು ಎಷ್ಟು? ಬೇರೆ ಮಾತ್ರೆ ಏನೇನು?

"ಒಂದು ಮಾತ್ರೆ ಕೊಡಕ್ಕೆ ಇಷ್ಟೊಂದು ಜಾತಕ ಯಾಕೆ ಡಾಕ್ಟ್ರೇ?" ಎಂದರು ಇವರು.

"ಸಿಗರೇಟು ಬಿಡಿಸೋ ಈ ಮಾತ್ರೆ ಎಲ್ಲರಿಗೂ ಆಗಲ್ಲ. ಫಿಟ್ಸ್ ಇದ್ದೋರಿಗಂತೂ ಕೊಡೋ ಹಾಗೇ ಇಲ್ಲ, ಮತ್ತೆ ಬರಬಹುದು. ತಗೊಂಡ ಮೇಲೆ ಮನಸ್ಸಿಗೆ ತೀರಾ ಬೇಜಾರಾದ್ರೆ ಸುಮ್ಮನಿರಬೇಡಿ, ಬಂದು ಹೇಳಿ."

ಮಾತ್ರೆ ಶುರುಮಾಡಿದ ಮೇಲೆ ಇವರಿಗೆ ಬೇಜಾರೇನೂ ಆಗಲಿಲ್ಲ. ಬಾಯಿ ಒಣಗುತ್ತಿತ್ತು, ನಿದ್ದೆ ಹಾರಿಹೋಗಿತ್ತು ಅಷ್ಟೆ. ನಾನು ಏಳುವ ಹೊತ್ತಿಗೆ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿರುತ್ತಿದ್ದರು. ಡಾಕ್ಟರಮ್ಮನಿಗೆ ಫೋನ್ ಮಾಡಲು ನನಗೇನೋ ಮನಸ್ಸೇ ಬರಲಿಲ್ಲ, ಇವರೇ ಮಾಡಿದರು. ದಿನದ ಎರಡನೇ ಮಾತ್ರೆಯನ್ನು ಮಲಗುವ ಮುಂಚೆ ನುಂಗುತ್ತಿದ್ದುದೇ ತಪ್ಪಂತೆ, ಸ್ವಲ್ಪ ಬೇಗ ತೆಗೆದುಕೊಳ್ಳಬೇಕಂತೆ. ನಿದ್ದೆ ಮರಳಿತು, ಪಾತ್ರೆಗಳು ನನ್ನ ಪಾಲಿಗೆ ಮರಳಿದವು. ಸಿಗರೇಟು ಮಾತ್ರ ಮರಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ರೇಷ್ಮೆ ಬ್ಲೌಸ್ ಪೀಸಿಗೆ ಕತ್ತರಿ ಹಾಕಿದರೆ, ಕತ್ತರಿ ಬಟ್ಟೆಯನ್ನು ಕತ್ತರಿಸದೆ ಅಗಿಯಿತು. ನನ್ನ ಬಟ್ಟೆ ಕತ್ತರಿಯನ್ನು ಈ ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಅಲಗಿನ ಸಂದಿಯಲ್ಲಿ ಬೆಳ್ಳಿ ಕಾಗದದ ಚೂರು ಸಿಕ್ಕಿಕೊಂಡಿತ್ತು.

"ಏನು ಕತ್ತರಿಸಿದ್ರಿ ಇದರಲ್ಲಿ?"

"ಅದಾ? ಮಾತ್ರೆ ಸ್ಟ್ರಿಪ್ಪು. ಅರ್ಧ ನಮ್ಮ ಪೊನ್ನಪ್ಪಂಗೆ ಕೊಟ್ಟೆ. ಅವನಿಗೂ ಬಿಡಬೇಕಂತೆ, ಪಾಪ."

ನೋಡಿ, ಸಿಗರೇಟು ಬಿಟ್ಟರೂ ದಾನ ಬಿಟ್ಟಿರಲಿಲ್ಲ! ಪೊನ್ನಪ್ಪಣ್ಣ ಎಸ್ಟೇಟಿನ ಜೀಪಿನ ಡ್ರೈವರು. ಪಿಕಿಂಗಿಗೆ ಹೋಗುವ ಹೆಂಗಸರನ್ನು ತುಂಬಿಕೊಂಡು ಆ ತಿರುವುಗಳಲ್ಲಿ ಓಡಿಸುವವರು. ಬೈಯಲು ಬಾಯಿ ತೆರೆದವಳಿಗೆ ತಟ್ಟನೆ ಒಂದು ವಿಷಯ ನೆನಪಾಯಿತು. ಟೈಲರುಗಳಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತದೆ. ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸು ಸುಮ್ಮನೆ ನಿಲ್ಲುವುದಿಲ್ಲ. ಪೊನ್ನಪ್ಪಣ್ಣನ ಹೆಂಡತಿ ಮುತ್ತಮ್ಮಕ್ಕ ಹಾಗೆ ನಿಂತಾಗಲೇ ಹೇಳಿದ್ದರು: ಗಂಡನಿಗೆ ಹರೆಯದಲ್ಲಿ ಫಿಟ್ಸ್ ಬರುತ್ತಿತ್ತಂತೆ. ಯಾರಿಗೂ ಹೇಳಬೇಡ ಎಂದು ಆಣೆಯನ್ನೂ ಹಾಕಿಸಿದ್ದರು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಇವರೂ ಹಿಂದೆಯೇ ಬಂದರು. ನಾವಿಬ್ಬರೂ ಅವರ ಮನೆ ಮುಟ್ಟಿದಾಗ ಪೊನ್ನಪ್ಪಣ್ಣ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಮಾತ್ರೆ ಲೋಟದ ಪಕ್ಕದಲ್ಲೇ ಇತ್ತು.

"ಬಾ ಸರೋಜ, ಕಾಫಿ ಕುಡಿ."

"ಪೊನ್ನಪ್ಪಣ್ಣ, ಆ ಮಾತ್ರೆ ನುಂಗಬೇಡಿ. ನಿಮಗೆ ಹಿಂದೆ ಫಿಟ್ಸ್ ಇತ್ತಲ್ಲ?"

ಅವರ ಮುಖ ಕೆಂಪಾಯಿತು. "ಎಂತ ಮಾರಾಯ್ತಿ! ಯಾರು ಹೇಳಿದ್ದು?"

ಬಾಗಿಲಲ್ಲಿ ನಿಂತಿದ್ದ ಮುತ್ತಮ್ಮಕ್ಕ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಸುಟ್ಟುಹೋಗಬೇಕಿತ್ತು. ಆದರೆ ನಾನು ಡಾಕ್ಟರಮ್ಮನ ಮಾತು ಹೇಳುತ್ತಿದ್ದಂತೆ ಆ ನೋಟ ಮೆಲ್ಲಗೆ ಗಂಡನ ಕಡೆ ತಿರುಗಿತು.

"ಎಷ್ಟು ನುಂಗಿದ್ದೀರಿ?" ಎಂದರು ಮುತ್ತಮ್ಮಕ್ಕ.

"ನಿನ್ನೆ ಒಂದು," ಎಂದ ಪೊನ್ನಪ್ಪಣ್ಣನ ದನಿ ಇಳಿದಿತ್ತು. ನಮ್ಮ ಯಜಮಾನರು ಗೋಡೆಗೆ ಒರಗಿ ಕುಳಿತುಬಿಟ್ಟರು. "ಒಳ್ಳೇದಾಗಲಿ ಅಂತ ಕೊಟ್ಟೆ ಕಣೋ," ಎಂದರು. ಅವರು ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ಮಾತ್ರೆ ನಿಲ್ಲಿಸಿ ಈಗಲೇ ಕರೆದುಕೊಂಡು ಬನ್ನಿ ಎಂದರು. ಪೊನ್ನಪ್ಪಣ್ಣ ಅಭ್ಯಾಸದಂತೆ ಜೀಪಿನ ಕೀಲಿಗೆ ಕೈ ಹಾಕಿದರು. ಮುತ್ತಮ್ಮಕ್ಕ ಅದನ್ನು ಕಸಿದು ಸೆರಗಿಗೆ ಗಂಟು ಹಾಕಿಕೊಂಡು ಆಟೋ ಕರೆದರು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕೂರಿಸಿಕೊಂಡು ನೋಡಿದರು, ಏನೂ ಆಗಲಿಲ್ಲ. ಪರೀಕ್ಷೆಗಳೆಲ್ಲ ಮುಗಿದು ಡಾಕ್ಟರಮ್ಮ ಒಪ್ಪುವತನಕ ಪೊನ್ನಪ್ಪಣ್ಣ ಜೀಪು ಮುಟ್ಟುವ ಹಾಗಿರಲಿಲ್ಲ. ನಮ್ಮ ಯಜಮಾನರಿಗೆ ಮಾತ್ರ ಡಾಕ್ಟರಮ್ಮನಿಂದ ಅಂದೇ ಬೈಗುಳ ಸಿಕ್ಕಿತು: "ರೈಟ್ರೇ, ನೀವು ಲೆಕ್ಕ ಬರೀರಿ ಸಾಕು, ಮಾತ್ರೆ ನಾನು ಬರೀತೀನಿ."

ಪೊನ್ನಪ್ಪಣ್ಣನಿಗೆ ಮಾತ್ರೆಯ ಬದಲು ನಿಕೋಟಿನ್ ಚೂಯಿಂಗ್ ಗಮ್ ಬಂತು. ಸ್ವಲ್ಪ ಅಗಿದು ಕೆನ್ನೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಹೇಳಿದ್ದರೂ ಅವರು ಮೊದಲ ದಿನ ಎಲೆ ಅಡಿಕೆಯಂತೆ ಅಗಿದು ರಸ ನುಂಗಿ, ಮಧ್ಯಾಹ್ನದವರೆಗೆ ಬಿಕ್ಕಳಿಸಿದರು. ಆಮೇಲೆ ಹದ ಕಲಿತರು. ಮುತ್ತಮ್ಮಕ್ಕ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಈಗ ಅಳತೆ ಕೊಡುವಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ನನ್ನ ವೃತ್ತಿಗೆ ಅದು ನಷ್ಟವೇ.

ಮೊನ್ನೆ ಗುಡ್ಡದ ಮೇಲಿರುವ ಅವರ ಮನೆಗೆ ಊಟಕ್ಕೆ ಹೊರಟೆವು. ಆ ಏರಿನ ಹಾದಿಯಲ್ಲಿ ಇವರು ಯಾವಾಗಲೂ ಒಂದು ಮಾತೂ ಆಡದೆ ನನ್ನ ಹಿಂದೆ ಬರುತ್ತಿದ್ದರು. ಇಷ್ಟು ವರ್ಷ ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳುವ ಗಂಡ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡಿದ್ದೆ. ಅದು ತಾಳ್ಮೆಯಲ್ಲ, ಉಸಿರು ಸಾಲುತ್ತಿರಲಿಲ್ಲ ಎಂದು ಮೊನ್ನೆ ತಿಳಿಯಿತು. ಬುಡದಿಂದ ತುದಿಯವರೆಗೆ ಇವರು ಬಾಯಿ ಮುಚ್ಚಲಿಲ್ಲ. ಅರ್ಧ ಏರಿಗೆ ನನ್ನ ತಲೆ ಚಿಟ್ಟು ಹಿಡಿದಿತ್ತು. ಆದರೂ ಏರು ಬೇಗ ಮುಗಿಯದಿರಲಿ ಎಂದು ನಾನು ಹೆಜ್ಜೆಯನ್ನು ಸ್ವಲ್ಪ ನಿಧಾನ ಮಾಡಿದೆ.