ಕರುವಿನ ಬಾಯಲ್ಲಿ ಅವ್ವ

ರಾಣೆಬೆನ್ನೂರಿನಲ್ಲಿ, ಬೀಜದಂಗಡಿಯ ಮಾಳಿಗೆ ಮೇಲೆ ಅನಿಮೇಷನ್ ಸ್ಟುಡಿಯೋ ಮಾಡುತ್ತೇನೆ ಎಂದಾಗ ನಗದವರೇ ಇರಲಿಲ್ಲ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಲಾವಿದರನ್ನು ಬೆಂಗಳೂರಿನಿಂದ ಕರೆಸು ಎಂದರು. ಯಾಕೆ ಕರೆಸಬೇಕು? ಬ್ಯಾಡಗಿಯಲ್ಲಿ ಒಬ್ಬ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಬರೆಯುತ್ತಿದ್ದ ಎತ್ತುಗಳು ನೋಡಿದವರನ್ನು ಹಾಯಲು ಬರುವಂತಿದ್ದವು. ಅವನನ್ನು ಕರೆತಂದು ಕಂಪ್ಯೂಟರ್ ಮುಂದೆ ಕೂಡಿಸಿದೆ. ಹಾವೇರಿಯ ಓಣಿಗಳಲ್ಲಿ ತಿರುಗುವ ಪ್ರಚಾರದ ಆಟೋದಲ್ಲಿ ಸೀರೆ ಅಂಗಡಿಯ ಜಾಹೀರಾತು ಹೇಳುತ್ತಿದ್ದ ದನಿಯೊಂದು ನನ್ನನ್ನು ನಿಲ್ಲಿಸಿತ್ತು. ಹುಡುಕಿಕೊಂಡು ಗುತ್ತಲಕ್ಕೆ ಹೋದೆ.

“ನನ್ನ ಮಾತು ಹಿಂಗ ಐತ್ರಿ. ನಡೀತೈತೇನು?” ಎಂದಳು ಆ ಹೆಣ್ಣುಮಗಳು.

“ಅದಕ್ಕ ಬಂದೇನಿ ತಂಗಿ,” ಎಂದೆ.

ಮೊದಲ ಕೆಲಸ ಕೊಟ್ಟದ್ದು ಬೆಂಗಳೂರಿನ ಒಂದು ಕಂಪನಿ. ತಾಯಿಯಿಂದ ತಪ್ಪಿಸಿಕೊಂಡ ಕರುವಿನ ಕಥೆ, ಮಕ್ಕಳಿಗಾಗಿ, ಕಂತು ಕಂತಾಗಿ. ಕರುವಿಗೆ ಅವಳದೇ ದನಿ. ನಮ್ಮಲ್ಲಿ ಮೊದಲು ದನಿ, ಆಮೇಲೆ ಬಾಯಿ. ಅವಳು ‘ಅವ್ವಾ’ ಎಂದು ಕೂಗಿದ್ದನ್ನು ಚಿತ್ರದವನು ಮತ್ತೆ ಮತ್ತೆ ಕೇಳಿ, ಕನ್ನಡಿ ಹಿಡಿದು ತಾನೂ ಕೂಗಿ, ತುಟಿ ಹೋದಂತೆ ಕರುವಿನ ಬಾಯಿ ಬರೆದ.

ಕಂತು ನೋಡಿದ ಕಂಪನಿಯವನು ಫೋನು ಮಾಡಿದ. “ಚಿತ್ರ ಸೂಪರ್ ಸಾರ್. ಆದ್ರೆ ಕರು ನೀಟಾಗಿ ಮಾತಾಡ್ಬೇಕು. ‘ಅಮ್ಮಾ’ ಅನ್ನಿಸಿ. ನಿಮ್ಮ ಕಡೆ ಭಾಷೆನ ಕತ್ತೆ ಪಾತ್ರಕ್ಕೆ ಇಟ್ಕೊಳ್ಳಿ, ಕಾಮಿಡಿಗೆ ಚೆನ್ನಾಗಿರುತ್ತೆ.”

ಮೈಯೆಲ್ಲ ಉರಿಯಿತು. ನಾವು ಅತ್ತರೆ ನೀಟಲ್ಲ, ಒದರಿದರೆ ಕಾಮಿಡಿ! ‘ಅವ್ವಾ’ ಎನ್ನುವಾಗ ತುಟಿ ಕೂಡುವುದಿಲ್ಲ, ‘ಅಮ್ಮಾ’ ಎಂದರೆ ಎರಡೂ ಮುಚ್ಚುತ್ತವೆ, ಬಾಯಿ ಹೊಂದುವುದಿಲ್ಲ ಎಂದು ಹೇಳಿದೆ. ಮಕ್ಕಳಿಗೆ ಅದೆಲ್ಲ ಗೊತ್ತಾಗಲ್ಲ ಎಂದ. ನಾನು ಒಪ್ಪಲಿಲ್ಲ. ಕರಾರಿನ ಪ್ರಕಾರ ಚಿತ್ರ ಅವರದು. ಬೆಂಗಳೂರಿನಲ್ಲೇ ಯಾರದೋ ದನಿ ಕೂಡಿಸಿ ಕಂತನ್ನು ಹೊರಗೆ ಬಿಟ್ಟರು.

ಮೂವರೂ ಸ್ಟುಡಿಯೋದಲ್ಲಿ ಕುಳಿತು ನೋಡಿದೆವು. ಕರು ಬಾಯಿ ತೆರೆದೇ ಇತ್ತು, ‘ಅಮ್ಮಾ’ ಎಂಬ ದನಿ ಎಲ್ಲಿಂದಲೋ ಬಂತು. ಚಿತ್ರದವನು ಹಲ್ಲು ಕಡಿದ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ನನ್ನ ದನಿ ಬ್ಯಾಡಂದ ಮ್ಯಾಲೆ ನಾಳೆಯಿಂದ ಯಾಕ ಬರ್ಲಿರಿ?”

ಅಷ್ಟರಲ್ಲಿ ಕಂಪನಿಯವನದೇ ಫೋನು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಕಂತು ಚೆನ್ನಾಗಿ ಓಡುತ್ತಿದೆ, ಮುಂದಿನದು ಶುರು ಮಾಡಿ ಎಂದ. ನಮ್ಮ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಒಲ್ಲೆ ಎಂದರೆ ಸ್ಟುಡಿಯೋಗೆ ಬೀಗ, ಹೂಂ ಎಂದರೆ ಅವಳು ಗುತ್ತಲದ ಬಸ್ಸು ಹತ್ತುತ್ತಾಳೆ.

“ಮಾಡ್ತೇವ್ರಿ,” ಎಂದೆ. ಅವಳು ಬಾಗಿಲಿಗೆ ಹೋಗಿದ್ದಳು. “ಆದ್ರ ಕರು ನಮ್ಮಂಗ ಮಾತಾಡತೈತಿ. ಕತ್ತೆಗೆ ಬೇಕಾದ್ರ ನಿಮ್ಮ ನೀಟ್ ಭಾಷಾ ಇಡೂಣು, ಕಾಮಿಡಿಗೆ ಚಲೋ ಇರತೈತಿ.”

ಆ ಕಡೆ ಫೋನು ಕಟ್ಟಾಯಿತು. ಮತ್ತೆ ಬರಲಿಲ್ಲ.

ಅವಳು ಚೀಲ ಇಳಿಸಿದಳು. ಪರದೆಯ ಮೇಲೆ ಕಂತು ಇನ್ನೂ ಓಡುತ್ತಿತ್ತು. ಅದರ ದನಿ ಪೂರ್ತಿ ಕಡಿಮೆ ಮಾಡಿ, ಕರು ಬಾಯಿ ತೆರೆಯುವುದನ್ನೇ ಕಾದು, ಕೆಳಗಿನ ಬೀಜದಂಗಡಿಗೂ ಕೇಳುವಂತೆ ಕೂಗಿದಳು: “ಅವ್ವಾ!”

ಬಾಯಿ ಸರಿಯಾಗಿ ಹೊಂದಿತು.