ಎಡೆಗಿಟ್ಟ ಕೆಂಪು ವೈನು

ನಾಲ್ಕು ದಿನದ ಹಿಂದೆ ಸಂಜೆ ಕರೆಂಟು ಹೋಯಿತು. ನಮ್ಮ ಮನೆಯ ಇನ್ವರ್ಟರು ನನ್ನ ಹಾಗೆಯೇ ನಿವೃತ್ತಿಯ ಅಂಚಿಗೆ ಬಂದ ಪ್ರಾಣಿ. ಎರಡು ಸಲ ಕುಂಯ್ ಎಂದು ಸುಮ್ಮನಾಯಿತು. ಹೆಂಡತಿ ಎಲ್ಲಿಂದಲೋ ಒಂದು ಮೇಣದಬತ್ತಿ ಹುಡುಕಿ ತಂದು ಹಚ್ಚಿದಳು. ಮೇಣ ಕರಗಿ ಅದರ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಎದ್ದು ಬತ್ತಿಯನ್ನು ಆರಿಸಿಬಿಟ್ಟೆ. "ಇದೇನ್ರೀ, ಕತ್ತಲಾಗೆ ಕೂಡ್ರಾಕೆ ಅಷ್ಟು ಆಸೇನಾ?" ಎಂದಳು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು ಮೇಣದಬತ್ತಿಯ ವಾಸನೆಗೆ ಹೆದರುತ್ತಾನೆ ಎಂದು ಕಟ್ಟಿಕೊಂಡವಳಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು. ನೀವು ನಕ್ಕರೂ ನನಗೆ ಕೇಳಿಸುವುದಿಲ್ಲ.

ನಾನು ದಾವಣಗೆರೆಯಲ್ಲಿದ್ದರೂ ನಮ್ಮ ಹಳೆಯ ಮನೆ ಹರಿಹರದ ಪಕ್ಕದ ಗುತ್ತೂರಿನಲ್ಲಿದೆ. ಅಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಕಾರ್ಖಾನೆಗೆ ಇಟಲಿಯಿಂದ ದೊಡ್ಡ ಯಂತ್ರವೊಂದು ಬಂತು. ಅದನ್ನು ಜೋಡಿಸಿಕೊಡಲು ಒಬ್ಬ ಸಾಹೇಬನೂ ಬಂದ. ಅವನ ಹೆಸರು ಪಿಯೆರೊ. ಗುತ್ತೂರಿನವರ ಬಾಯಲ್ಲಿ ವಾರದೊಳಗೆ ಪೀರಪ್ಪನಾದ. ಅಪ್ಪನಿಗೂ ಅವನಿಗೂ ನಡುವೆ ಇದ್ದದ್ದು ಸ್ಪ್ಯಾನರು ಮತ್ತು ಹರಕುಮುರುಕು ಇಂಗ್ಲಿಷು. ಸ್ನೇಹಕ್ಕೆ ಅಷ್ಟು ಸಾಕಾಯಿತು. ಭಾನುವಾರ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ, ಕೆಂಪು ಖಾರ ತಿನ್ನುತ್ತ, ಕಣ್ಣು ಮೂಗುಗಳಲ್ಲಿ ನೀರು ಸುರಿಸುತ್ತ, "ಬೇಕು, ಬೇಕು" ಎನ್ನುತ್ತಿದ್ದ.

ಅವನ ಊರು ಆಲ್ಪ್ಸ್ ಪರ್ವತದ ಬುಡದಲ್ಲಿ. ಆ ಸೀಮೆಗೆ ಪಿಯೆಮಾಂಟೆ ಎಂದು ಹೆಸರು; ಬೆಟ್ಟದ ಪಾದ ಎಂದೇ ಅದರ ಅರ್ಥವಂತೆ. ರಾಜರು ಆಳಿದ ಹಳೆಯ ನಾಡು. ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟ. ನಮ್ಮ ದಸರೆಯ ಹೊತ್ತಿಗೆ ಕಣಿವೆಯಿಂದ ಮಂಜು ಮೇಲೇರಿ ಬಳ್ಳಿಗಳನ್ನು ಮುಚ್ಚುವಾಗ ಅಲ್ಲಿ ಹಣ್ಣು ಕೊಯ್ಯುತ್ತಾರೆ. ಅದರಿಂದ ತೆಗೆದ ಕೆಂಪು ವೈನಿಗೆ ಬರೋಲೊ ಎನ್ನುತ್ತಾರೆ. ವರ್ಷಗಟ್ಟಲೆ ಪೀಪಾಯಿಯಲ್ಲಿ, ಆಮೇಲೆ ವರ್ಷಗಟ್ಟಲೆ ಬಾಟಲಿಯಲ್ಲಿ ಇಟ್ಟು ಕಾಯಬೇಕಂತೆ. ಕುಡಿಯದವರ ಮನೆಯಲ್ಲಿ ಕುಡಿತದ ಪುರಾಣವನ್ನು ನಾವು ಹರಿಕಥೆಯ ಹಾಗೆ ಕೇಳಿದೆವು.

ಒಂದು ಭಾನುವಾರ ಅವನು ಇನ್ನೊಂದು ಸಂಗತಿ ಹೇಳಿದ. ಅವರ ಕಡೆಯೂ ಸತ್ತವರಿಗೆಂದು ಒಂದು ದಿನ ಇದೆ. ಅವನ ಅಜ್ಜಿಯ ಕಾಲದಲ್ಲಿ ಅಂದು ಮೇಜಿನ ಮೇಲೆ ಬ್ರೆಡ್ಡು, ಒಂದು ಲೋಟ ಕೆಂಪು ವೈನು ಇಟ್ಟು ಮನೆಯವರೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು. ಸತ್ತವರು ಬಂದು ಉಂಡು ಹೋಗಬೇಕಲ್ಲ! ಅಪ್ಪ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅವ್ವನ ಕೈಯ ರೊಟ್ಟಿ ಹಾಗೆಯೇ ನಿಂತಿತು. "ಅಯ್ಯ, ಎಲ್ಲಾ ನಮ್ಮಂಗೇ ಐತಲ್ರೀ!" ಎಂದಳು.

ನಿಜ. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರ ಫೋಟೊ ಮುಂದೆ ಹೋಳಿಗೆ, ವಡೆ, ಹೊಸ ಬಟ್ಟೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಹೀಗೆ ಎಡೆ ಇಟ್ಟು, ಲೋಬಾನದ ಹೊಗೆ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಮಗ ಮೂರು ಸಲ ಕೆಮ್ಮಬೇಕು. ಉಣ್ಣುತ್ತ ಕೂತವರಿಗೆ ಏಳಲು ಸಮಯ ಕೊಡಬೇಕು. ಆಮೇಲೆ ಬಾಗಿಲು ತೆಗೆಯುವುದು.

ಊರಿಗೆ ಹೊರಡುವ ಮುಂಚೆ ಪೀರಪ್ಪ ಅಪ್ಪನಿಗೆ ಒಂದು ಬಾಟಲಿ ಬರೋಲೊ ಕೊಟ್ಟ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನನ್ನ ತಂಗಿ ಗಿರಿಜೆಯನ್ನು ತೋರಿಸಿ, ಇವಳ ಮದುವೆಯ ದಿನ ತೆಗೆಯಿರಿ ಎಂದ. ಜೀವಮಾನದಲ್ಲಿ ಹೆಂಡ ಮುಟ್ಟದ ಅಪ್ಪ, ಅವತ್ತು ಒಂದು ಲೋಟ ಕುಡಿಯುತ್ತೇನೆ ಎಂದು ಕೈಯಲ್ಲಿ ಕೈ ಇಟ್ಟು ಮಾತು ಕೊಟ್ಟ. ಇದಾಗಿ ನಾಲ್ಕು ವರ್ಷಕ್ಕೆ, ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದವನು ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟ.

ಆ ವರ್ಷದ ಎಡೆಯಲ್ಲಿ ಅವ್ವ ಬಾಟಲಿಯನ್ನೂ ಇಟ್ಟಳು, ಸೀಲು ಒಡೆಯದೆ. ನಾನು ಆಗ ಕಾಲೇಜು ಹುಡುಗ, ತಲೆಹರಟೆ. "ಬಿರಡೆ ತೆಗೀದೆ ಅಪ್ಪ ಹೆಂಗ ಕುಡೀತಾನವ್ವ?" ಎಂದೆ.

"ಬಾಗಿಲು ಹಾಕಿದ್ರೂ ಒಳಗೆ ಬರ್ತಾರಲ್ಲ, ಅವರಿಗೆ ಬಿರಡೆ ಯಾವ ಲೆಕ್ಕ?" ಎಂದಳು.

ವೈನು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ, ಬಾಟಲಿಯ ಕತ್ತಿನ ಸುತ್ತ ಒಂದು ಕೆಂಪು ದಾರ ಕಟ್ಟಿ, ಅದನ್ನು ಟ್ರಂಕಿನಲ್ಲಿ ನಿಲ್ಲಿಸಿಟ್ಟಳು. ಮರುವರ್ಷ ಎಡೆ ಇಟ್ಟು, ನಾನು ಕೆಮ್ಮಿ, ಬಾಗಿಲು ತೆಗೆದ ಮೇಲೆ ಅವ್ವ ಬಾಟಲಿಯ ಹಿಂದೆ ದೀಪ ಹಿಡಿದಳು. ಗಾಜಿನೊಳಗಿಂದ ಕೆಂಪು ಬೆಳಕು ಬಂದು ಅವಳ ಮುಖದ ಮೇಲೆ ಬಿತ್ತು. ವೈನು ದಾರದಿಂದ ಒಂದು ಜೋಳದ ಕಾಳಿನಷ್ಟು ಕೆಳಗಿತ್ತು. ಬಿರಡೆ ಇದ್ದ ಹಾಗೇ ಇತ್ತು. "ಬಂದಿದ್ರು," ಎಂದಳು ಅವ್ವ, ಪಕ್ಕದ ಮನೆಯವರು ಬಂದುಹೋದರು ಎನ್ನುವ ಹಾಗೆ. ನನಗೆ ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಆಮೇಲೆ ಪ್ರತಿ ವರ್ಷವೂ ಅಷ್ಟೇ. ಜೋಳದ ಕಾಳಿನಷ್ಟು ಇಳಿಯುವುದು, ಅವ್ವ ದಾರ ಬಿಚ್ಚಿ ಕೆಳಗೆ ಕಟ್ಟುವುದು.

ಮುಂದೆ ನಾನು ದಾವಣಗೆರೆಯಲ್ಲಿ ಲೆಕ್ಚರರ್ ಆದೆ. ಬಾಟಲಿಯನ್ನು ನಿಲ್ಲಿಸಿಟ್ಟರೆ ಬಿರಡೆ ಒಣಗುತ್ತದೆ, ವೈನು ಅದರ ಸಂದಿಯಿಂದ ನಿಧಾನಕ್ಕೆ ಆವಿಯಾಗುತ್ತದೆ ಎಂದು ಓದಿಕೊಂಡು ಓಡೋಡಿ ಬಂದು ಅವ್ವನಿಗೆ ಹೇಳಿದೆ. ಅವಳು ವಾದಿಸಿದ್ದರೆ ಚೆನ್ನಾಗಿತ್ತು. "ಇದ್ದರೂ ಇರಬಹುದು ಬಿಡಪ್ಪ," ಎಂದು ದಾರ ಕಟ್ಟುವುದನ್ನು ಮುಂದುವರಿಸಿದಳು. ಅದು ನನ್ನನ್ನು ಕೆಣಕಿತು. ಒಂದು ವರ್ಷ ಹಬ್ಬದ ಮರುದಿನ, ಯಾರೂ ಇಲ್ಲದಾಗ ಮೇಣದಬತ್ತಿ ಕರಗಿಸಿ ಬಿರಡೆಯ ಸುತ್ತ ಎರಕ ಹೊಯ್ದೆ. ಅದು ಕಾಣದಿರಲೆಂದು ಮೇಲೆ ವಿಭೂತಿ ಬಳಿದೆ. ಬರುವ ವರ್ಷ ಒಂದು ಹನಿಯೂ ಇಳಿಯುವುದಿಲ್ಲ, ಆಗ ಅವ್ವನಿಗೆ ಎಲ್ಲ ಬಿಡಿಸಿ ಹೇಳಿ ನಗಬೇಕು ಎಂದು ನನ್ನ ಲೆಕ್ಕ. ಹೊಸ ಮೇಷ್ಟ್ರಿಗೆ ಮನೆಯವರೂ ವಿದ್ಯಾರ್ಥಿಗಳೇ.

ಆ ವರ್ಷ ಗಿರಿಜೆಗೆ ಒಂದು ಸಂಬಂಧ ಬಂತು. ಹತ್ತಿರದ ಬಾತಿ ಎಂಬ ಊರಿನ ಹುಡುಗ, ಹರಿಹರ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ. ದಾವಣಗೆರೆಗೆ ಕಾಲೇಜಿಗೆಂದು ದಿನಾ ರೈಲು ಹತ್ತುತ್ತಿದ್ದ ಗಿರಿಜೆಗೆ ಅವನು ಆಗಲೇ ಗೊತ್ತಿದ್ದ, ಮನಸ್ಸಿಗೂ ಬಂದಿದ್ದ. ಅವಳು ಒಳಗೊಳಗೇ ಹಾಡಿಕೊಂಡು ಓಡಾಡುತ್ತಿದ್ದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವ್ವ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಬ್ಬದ ದಿನ ಎಡೆಯ ಮುಂದೆ ನಿಂತು, "ಈ ಸಂಬಂಧ ನಿಮಗೆ ಒಪ್ಪಿಗೆ ಇದ್ರೆ ಎಂದಿನಂಗೆ ತಗೋರಿ. ಇಲ್ಲಾಂದ್ರೆ ಮುಟ್ಟಬ್ಯಾಡ್ರಿ," ಎಂದು ಅಪ್ಪನ ಫೋಟೊಗೆ ಹೇಳಿ ಬಾಗಿಲು ಮುಚ್ಚಿದಳು. ನಾನು ಮೇಣ ಹಚ್ಚಿದ್ದ ಬಾಟಲಿ ಒಳಗಿತ್ತು.

ಕಟ್ಟೆಯ ಮೇಲೆ ಕೂತಷ್ಟು ಹೊತ್ತೂ ನನಗೆ ಸಮಯವಿತ್ತು. ಹೇಳಬಹುದಿತ್ತು. ಎಡೆಯ ವಸ್ತುವಿಗೆ ಕಳ್ಳತನದಲ್ಲಿ ಕೈ ಹಚ್ಚಿದವನು ಎನ್ನಿಸಿಕೊಳ್ಳಲು ಹೆದರಿದೆ. ಕೆಮ್ಮಿದೆ, ಬಾಗಿಲು ತೆಗೆದೆ. ಅವ್ವ ದೀಪ ಹಿಡಿದಳು. ವೈನು ದಾರಕ್ಕೆ ಸರಿಯಾಗಿ ನಿಂತಿತ್ತು. ಗಿರಿಜೆಯೂ ನೋಡಿದಳು. "ಬ್ಯಾಡ ಅಂದ್ರು," ಎಂದು ಅವ್ವ ದೀಪ ಕೆಳಗಿಟ್ಟಳು. ಬಾತಿಗೆ ಹೇಳಿ ಕಳಿಸಿದ್ದೂ ನನ್ನ ಕೈಯಲ್ಲೇ. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಗಿರಿಜೆ ಆಮೇಲೆ ಬಂದ ಯಾವ ಗಂಡಿಗೂ ಒಪ್ಪಲಿಲ್ಲ. ಹರಿಹರದಲ್ಲಿ ಹೊಲಿಗೆ ಕಲಿಸುತ್ತ ಇದ್ದುಬಿಟ್ಟಳು. ನನ್ನದು ಮೇಷ್ಟ್ರ ತಪ್ಪಲ್ಲ, ಹೇಡಿಯ ತಪ್ಪು.

ಈ ಯುಗಾದಿ ಕಳೆದ ಮೇಲೆ ಅವ್ವ ತೀರಿಕೊಂಡಳು. ನಿನ್ನೆಯ ಹಬ್ಬದಲ್ಲಿ ಅಪ್ಪನ ಪಕ್ಕ ಅವಳ ಫೋಟೊ. ಗಿರಿಜೆಯೇ ಎಲ್ಲ ಅಣಿ ಮಾಡಿ, ಬಾಟಲಿ ಇಟ್ಟು, ಬಾಗಿಲು ಮುಚ್ಚಿದಳು. ಮಟಮಟ ಮಧ್ಯಾಹ್ನ. ಕಟ್ಟೆಯ ಮೇಲೆ ನಾವಿಬ್ಬರೇ. ಮೇಣದ ವಾಸನೆ ಮೂರು ದಿನದಿಂದ ಮೂಗು ಬಿಟ್ಟಿರಲಿಲ್ಲ. ಹೇಳಿಬಿಟ್ಟೆ. "ಗಿರಿಜಾ, ಆ ವರ್ಷ ಬಿರಡೆಗೆ ಮೇಣ ಹಚ್ಚಿದ್ದು ನಾನು. ಅದಕ್ಕೇ ಇಳಿದಿರಲಿಲ್ಲ."

ಅವಳು ಮುಚ್ಚಿದ ಬಾಗಿಲಿನ ಕಡೆ ನೋಡಿದಳು. "ಬೆಳಗ್ಗೆ ಒರೆಸುವಾಗ ಕಂಡೆ. ಕಂಪನಿ ಸೀಲು ಅಂದ್ಕಂಡಿದ್ದೆ," ಎಂದಳು. ಆಮೇಲೆ, "ತೆಗೆದೇ ಇಲ್ಲಾ ಅದನ್ನ?"

"ಇಲ್ಲ."

"ಹಂಗಾರೆ ಮರುವರ್ಷದಿಂದ ಮತ್ತೆ ಇಳಿದಿದ್ದು ಹೆಂಗಣ್ಣ?"

ಬೈಗುಳಕ್ಕೆ, ಅಳುವಿಗೆ ನಾನು ಸಿದ್ಧನಾಗಿದ್ದೆ. ಇದಕ್ಕಲ್ಲ. ಇಪ್ಪತ್ತೈದು ವರ್ಷ ನಾನು ಕೇಳಿಕೊಳ್ಳದೆ ತಪ್ಪಿಸಿಕೊಂಡ ಪ್ರಶ್ನೆ ಅದು. ಮೇಣವಿದ್ದೂ ವೈನು ಇಳಿಯುವುದಾದರೆ, ಆ ಒಂದು ವರ್ಷ ಅದನ್ನು ತಡೆದದ್ದು ಮೇಣವಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಮೇಣ ಆಮೇಲೆ ಬಿರುಕು ಬಿಟ್ಟಿರಬೇಕು. ನಮ್ಮ ಬೇಸಿಗ್ಯಾಗೆ ಮೇಣ ನಿಲ್ಲತೈತೇನು?" ಎಂದೆ.

"ಖರೇನಾ?"

"ಖರೇ. ತಪ್ಪೆಲ್ಲಾ ನಂದೇ." ತಪ್ಪು ನನ್ನದೇ ಆಗಿರಲಿ ಎಂದು ನಾನು ಅಷ್ಟು ಆಸೆಪಟ್ಟದ್ದು ಬದುಕಿನಲ್ಲಿ ಅದೇ ಮೊದಲು.

ಮೂರು ಸಲ ಕೆಮ್ಮಿದೆ. ಗಿರಿಜೆ ಬಾಗಿಲು ತಳ್ಳಿಕೊಂಡು ನೇರ ಅಪ್ಪನ ಫೋಟೊ ಮುಂದೆ ಹೋಗಿ ಕೂತಳು. "ಅಪ್ಪಾ, ನೀನು ಬ್ಯಾಡ ಅಂದಿರಲಿಲ್ಲಂತೆ. ಇಷ್ಟು ವರ್ಷ ಎಡೆ ಇಟ್ಟೆ, ನಿನಗೆ ಕೈ ಮುಗೀಲಿಲ್ಲ ನಾನು," ಎಂದು ಕೈ ಮುಗಿದು ಅತ್ತಳು. ನನ್ನ ಕಡೆ ತಿರುಗದೆಯೇ, "ನಿನ್ನ ಜೊತೆ ಆಮೇಲೆ ಮಾತಾಡ್ತೀನಿ," ಎಂದಳು.

ಅವ್ವ ಮಾಡುತ್ತಿದ್ದಂತೆ ನಾನು ಬಾಟಲಿಯ ಹಿಂದೆ ದೀಪ ಹಿಡಿದೆ. ಮೊದಲು ದಾಳಿಂಬೆ ರಸದಂತಿದ್ದ ವೈನು ಈಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಹೋದ ವರ್ಷದ ದಾರದಿಂದ ಜೋಳದ ಕಾಳಿನಷ್ಟು ಕೆಳಗಿತ್ತು. ಕನ್ನಡಕ ಮೇಲೆತ್ತಿ, ಉಗುರಿನಿಂದ ಸವರುತ್ತ, ಮೇಣವನ್ನು ಸುತ್ತಲೂ ನೋಡಿದೆ. ಹೊಯ್ದ ದಿನದಂತೆಯೇ ನುಣುಪಾಗಿತ್ತು, ಕೂದಲೆಳೆಯಷ್ಟೂ ಸಂದಿಯಿರಲಿಲ್ಲ.

"ಬಿರುಕು ಐತಾ ಅಣ್ಣ?" ಎಂದಳು ಗಿರಿಜೆ.

"ಐತೆ," ಎಂದೆ.