ಉರಿ ಸಣ್ಣ ಮಾಡು

ಮೊನ್ನೆ ಮನೆಗೆ ಇಂಡಕ್ಷನ್ ಒಲೆ ಬಂತು. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಬೆಂಕಿ ಮಾತ್ರ ಕಾಣುವುದಿಲ್ಲ. ಹಾಲಿಟ್ಟು ಆ ದೀಪವನ್ನೇ ನೋಡುತ್ತ ನಿಂತಾಗ ನಮ್ಮತ್ತೆ ನೆನಪಾದರು. ಬೆಂಕಿಯಿಲ್ಲದ ಒಲೆಯನ್ನು ಅವರು ಎಷ್ಟೋ ವರ್ಷ ಮೊದಲೇ ಕಂಡುಹಿಡಿದಿದ್ದರು.

ತೊಂಬತ್ತರ ದಶಕದಲ್ಲಿ ನಾವು ನಜರ್‌ಬಾದಿನ ಬಾಡಿಗೆ ಮನೆಯಲ್ಲಿದ್ದೆವು. ಕಚೇರಿ ಕೆಲಸ ಮನೆಯಲ್ಲೂ ಮಾಡುತ್ತೇನೆಂದು ನಮ್ಮೆಜಮಾನರು ಕಂಪ್ಯೂಟರ್ ತಂದರು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ ಕೈಮುಗಿದರು. ಕಚೇರಿ ಕೆಲಸಕ್ಕಿಂತ ಅದರಲ್ಲಿ ಹೆಚ್ಚು ನಡೆದದ್ದು ಕಾರಿನ ಆಟ. ಎದುರು ಬರುವ ಲಾರಿಗಳಿಗೆ ಗುದ್ದದಂತೆ ಎರಡು ಕೀ ಒತ್ತಿ ಕಾರನ್ನು ಎಡಕ್ಕೋ ಬಲಕ್ಕೋ ಸರಿಸುವುದು, ಅಷ್ಟೇ. ಅತ್ತೆಗೂ ನನಗೂ ಆಗ ಮಾತು ಕಡಿಮೆ. ಜಗಳವೇನಲ್ಲ, ಸಾರಿಗೆ ಉಪ್ಪು ಸರಿಯಾಯಿತೇ ಎನ್ನುವುದರಾಚೆ ವಿಷಯವೇ ಇರಲಿಲ್ಲ. ಒಂದು ಸಂಜೆ ನಾನು ಆಡುವುದನ್ನು ನೋಡುತ್ತ ನಿಂತವರು ಕುರ್ಚಿ ಎಳೆದುಕೊಂಡು, "ಎಡಗಡೆ ನಂಗೆ ಬುಡು, ಬಲಗಡೆ ನೀನ್ ನೋಡ್ಕೊ" ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಲ್ಲಿ ಅತ್ತೆಗೊಂದು ಕೀ, ಸೊಸೆಗೊಂದು ಕೀ.

ಆ ಕಂಪ್ಯೂಟರಿನ ಮುಂಭಾಗದಲ್ಲಿ ಟರ್ಬೊ ಎಂಬ ಗುಂಡಿಯಿತ್ತು. ಒತ್ತಿದರೆ ಹಳದಿ ದೀಪ ಹತ್ತಿ ಯಂತ್ರ ಚುರುಕಾಗುತ್ತಿತ್ತು. ಇನ್ನೊಮ್ಮೆ ಒತ್ತಿದರೆ ದೀಪ ಆರಿ ವೇಗ ತಗ್ಗುತ್ತಿತ್ತು. ಅತ್ತೆಯ ಲೆಕ್ಕದಲ್ಲಿ ಅದು ಒಲೆ. ಕಾರು ಜೋರಾದರೆ, "ಉರಿ ಸಣ್ಣ ಮಾಡೇ, ಸೀದೋಯ್ತದೆ!" ಅದು ಉರಿಯಲ್ಲ, ಟರ್ಬೊ ಎಂದು ನಾನು ಪದವೀಧರೆಯ ಗತ್ತಿನಲ್ಲಿ ವಿವರಿಸಿದೆ. "ಏನಾರ ಆಗ್ಲಿ, ಸಣ್ಣ ಮಾಡು" ಎಂದರು. ಕ್ರಮೇಣ ನಾನೂ ಉರಿ ಎನ್ನತೊಡಗಿದೆ.

ಶ್ರೀರಾಂಪುರಕ್ಕೆ ಮನೆ ಬದಲಾಯಿಸಿದ ಮೇಲೆ ಹೊಸ ಕಂಪ್ಯೂಟರ್ ಬಂತು. ಅದಕ್ಕೆ ಆ ಗುಂಡಿಯೇ ಇಲ್ಲ. ಯಂತ್ರ ಎಷ್ಟು ಚುರುಕೋ ಆ ಹಳೆಯ ಆಟವೂ ಅಷ್ಟೇ ಚುರುಕು; ಕಾರು ಕಣ್ಣಿಗೆ ಬೀಳುವಷ್ಟರಲ್ಲಿ ಗುದ್ದಿ ಮುಗಿದಿರುತ್ತಿತ್ತು. "ಇದ್ಕೆ ಉರಿ ಸಣ್ಣ ಮಾಡಕ್ಕೆ ಬರಲ್ವಾ?" ಎಂದು ಕೇಳಿ ಅತ್ತೆ ಎದ್ದು ಹೋದರು. ಮರುದಿನ ಬರಲಿಲ್ಲ. ನಮ್ಮ ಮಾತು ಮತ್ತೆ ಸಾರಿನ ಉಪ್ಪಿಗೆ ಬಂದು ನಿಂತಿತು. ನಿಜ ಹೇಳುತ್ತೇನೆ, ನನಗೆ ತುಂಬ ಬೇಸರವಾಯಿತು. ಆಟ ಹೋದರೆ ಹೋಗಲಿ, ನನಗೆ ಅತ್ತೆ ಬೇಕಿತ್ತು.

ಪಕ್ಕದ ಮನೆಯ ಫಿಲೋಮಿನಾ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. "ಹೊಸ ಮಿಷಿನ್ನೇ ಹಳೇದರ ಥರ ನಾಟಕ ಆಡೋ ಸಾಫ್ಟ್‌ವೇರ್ ಇದೆ ಕಣ್ರೀ" ಎಂದು ಒಂದು ಸಿಡಿ ಕೊಟ್ಟರು. ಮೊದಲು ಸದ್ದು ಬಂತು, ಚಿತ್ರ ಬರಲಿಲ್ಲ. ಆಮೇಲೆ ಚಿತ್ರ ಬಂತು, ಕಾರು ಮೊಂಡು ಎತ್ತಿನ ಹಾಗೆ ನಿಂತೇ ಬಿಟ್ಟಿತು. ಕೊನೆಗೂ ವೇಗ ಏರಿಸುವ, ಇಳಿಸುವ ಕೀಗಳು ಸಿಕ್ಕವು. ಅಡುಗೆಮನೆಯತ್ತ ತಿರುಗಿ, "ಉರಿ ಸಿಕ್ತು, ಬನ್ನಿ ಅತ್ತೆ" ಎಂದು ಕೂಗಿದೆ.

ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು. ಎಡಗಡೆಯ ಕೀ ಹಿಡಿದು ಒಂದು ಲಾರಿಗೂ ತಾಗಿಸಲಿಲ್ಲ. ಆದರೂ "ಇನ್ನೂ ಸಣ್ಣ ಮಾಡು" ಎಂದರು. ಮಾಡಿದೆ. "ಇನ್ನೂ." ಈ ಕಾರಿಗಿಂತ ನಡೆದು ಹೋಗುವುದೇ ವಾಸಿ ಎನ್ನುವಂತಾಯಿತು.

"ಇಷ್ಟು ನಿಧಾನ ಯಾಕತ್ತೆ? ನಿಮ್ಮ ಕೈ ಚೆನ್ನಾಗೇ ಓಡ್ತಿದೆಯಲ್ಲ?"

"ಬೇಗ ಗುದ್ಬುಟ್ರೆ ನೀನು ಎದ್ದೋಯ್ತೀಯಲ್ಲೇ" ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಅತ್ತೆ ಹೋಗಿ ವರ್ಷಗಳಾದವು. ಮೊನ್ನೆ ಹಾಲು ಕಾಯಿಸಿ, ಒಲೆ ಆರಿಸಿ, ಲ್ಯಾಪ್‌ಟಾಪಿನಲ್ಲಿ ಆ ಆಟ ಹಾಕಿದೆ. ವೇಗವನ್ನು ಅವರಿಗೆ ಬೇಕಿದ್ದಷ್ಟು ಇಳಿಸಿದೆ. ಎದುರಿಗೊಂದು ಲಾರಿ ಬಂತು. ಎಡಕ್ಕೆ ಸರಿಯಬೇಕು, ಸರಿಯಲು ಬೇಕಾದಷ್ಟು ಹೊತ್ತೂ ಇತ್ತು. ನನ್ನ ಬೆರಳು ಬಲಗಡೆಯ ಕೀ ಮೇಲೆ ಸುಮ್ಮನೆ ಕಾಯುತ್ತ ಕುಳಿತಿತ್ತು. ಕಾರು ನಿಧಾನವಾಗಿ ಹೋಗಿ ಗುದ್ದಿತು.